ಗೋದಲಿಯನ್ನು ಕದ್ದವರು ಯಾರು?

ಡಿಸೆಂಬರ್ ಬಂತೆಂದರೆ ಪೇಟೆಯ ದೊಡ್ಡ ಅಂಗಡಿಗಳ ಮುಂದೆ ಹತ್ತಿಯ ಗಡ್ಡದ ಮುದುಕನೊಬ್ಬ ಗಂಟೆ ಬಾರಿಸುತ್ತಾ ನಿಲ್ಲುತ್ತಾನೆ. ಮೈತುಂಬ ಕೆಂಪು ಅಂಗಿ. ಒಳಗೆ ಬೆವರುತ್ತಿರುವವನು ದಿನಗೂಲಿಯ ಹುಡುಗ. ಅವನು ಯಾವ ಕೇರಿಯವನು, ಮಧ್ಯಾಹ್ನ ಉಂಡನೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ಮುಖವೇ ಕಾಣುವುದಿಲ್ಲವಲ್ಲ! ಇದು ಕ್ರಿಸ್‌ಮಸ್ ಅಂತೆ.

ಈ ಹಬ್ಬದ ಬಗ್ಗೆ ನಮ್ಮಲ್ಲಿ ಮೂರು ಥರದ ಮಾತುಗಳಿವೆ. ಇದು ಕೇಕು, ಉಡುಗೊರೆ, ರಿಯಾಯಿತಿ ಮಾರಾಟ ಅನ್ನುವ ವ್ಯಾಪಾರಿಯ ಮಾತು ಒಂದು. ಇದು ಪರದೇಶದವರ ಹಬ್ಬ, ಅಕ್ಕಿ ಕೊಟ್ಟು ಜಾತಿ ಕೆಡಿಸುವವರ ಹಬ್ಬ ಅನ್ನುವ ಧರ್ಮರಕ್ಷಕರ ಮಾತು ಎರಡನೆಯದು. ಮೂರನೆಯದು ನಮ್ಮ ವಿಚಾರವಾದಿ ಗೆಳೆಯರದು: ಅದು ರೋಮಿನ ಸೂರ್ಯಪೂಜೆ ಕಣ್ರೀ, ಎಲ್ಲಾ ಬೋಗಸ್. ಮೂವರೂ ಒಂದು ಪ್ರಶ್ನೆಯನ್ನು ಜಾಣತನದಿಂದ ದಾಟಿಬಿಡುತ್ತಾರೆ. ದನದ ಮೇವಿನ ಗೋದಲಿಯಲ್ಲಿ ಹುಟ್ಟಿದ ಕೂಸು ಯಾರ ಪಕ್ಷದ್ದು?

ಮೊದಲು ತಾರೀಖಿನ ತಗಾದೆ ಮುಗಿಸೋಣ. ಸುವಾರ್ತೆಗಳು ನಾಲ್ಕು. ಮಾರ್ಕ, ಯೋಹಾನ ಹುಟ್ಟಿನ ಕತೆಯನ್ನೇ ಹೇಳುವುದಿಲ್ಲ. ಹೇಳುವ ಮತ್ತಾಯ, ಲೂಕ ಇಬ್ಬರೂ ತಿಂಗಳು ತಾರೀಖು ಕೊಡುವುದಿಲ್ಲ. ಡಿಸೆಂಬರ್ 25 ಕಾಣಿಸಿಕೊಳ್ಳುವುದು ಕ್ರಿ.ಶ. 354ರ ರೋಮಿನ ಒಂದು ಪಂಚಾಂಗದಲ್ಲಿ. ಅದರೊಳಗಿನ ಪಟ್ಟಿ 336ರ ಸುಮಾರಿನದೆಂದು ವಿದ್ವಾಂಸರ ಲೆಕ್ಕ. ಅದೇ ಹೊತ್ತಿಗೆಯಲ್ಲಿ ಅದೇ ದಿನಕ್ಕೆ ಅಜೇಯ ಸೂರ್ಯನ ಹುಟ್ಟುಹಬ್ಬವೂ ಇದೆ. ಆ ಸೂರ್ಯನಿಗೆ 274ರಲ್ಲಿ ಗುಡಿ ಕಟ್ಟಿಸಿದವನು ಚಕ್ರವರ್ತಿ ಆರೇಲಿಯನ್. ಅಲ್ಲ, ಯೇಸು ತಾಯಿಯ ಗರ್ಭಕ್ಕೆ ಬಂದದ್ದು ಮಾರ್ಚ್ 25 ಎಂದು ಎಣಿಸಿ, ಒಂಬತ್ತು ತಿಂಗಳು ಕೂಡಿಸಿದರು ಅನ್ನುವವರೂ ಇದ್ದಾರೆ. ಅರ್ಮೇನಿಯಾದ ಸಭೆ ಇಂದಿಗೂ ಜನವರಿ 6ಕ್ಕೇ ಆಚರಿಸುತ್ತದೆ. ಪಂಡಿತರ ಈ ಜಗಳ ಪಂಡಿತರಿಗಿರಲಿ.

ನಾವು ನೋಡಬೇಕಾದ್ದು ಬೇರೆ. 313ರಲ್ಲಿ ಕಾನ್‌ಸ್ಟಂಟೈನ್ ಕ್ರೈಸ್ತರ ಮೇಲಿನ ಹಿಂಸೆ ನಿಲ್ಲಿಸಿದ. 380ರಲ್ಲಿ ಥಿಯೊಡೋಸಿಯಸ್ ಅದನ್ನೇ ರಾಜ್ಯದ ಧರ್ಮ ಮಾಡಿದ. ಅಂದರೆ ರೋಮಿನ ಅಧಿಕಾರಿ ಶಿಲುಬೆಗೇರಿಸಿದವನ ಹುಟ್ಟುಹಬ್ಬವನ್ನು ರೋಮಿನ ಅರಮನೆಯೇ ಮಾಡತೊಡಗಿತು. ಕೊಂದವರೇ ಮೆರವಣಿಗೆ ಹೊರಡಿಸಿದರು. ಬುದ್ಧನನ್ನು ವಿಷ್ಣುವಿನ ಅವತಾರ ಮಾಡಿ ನುಂಗಿದ ನಾಡಿನಲ್ಲಿ ಹುಟ್ಟಿದ ನಮಗೆ ಈ ಆಟ ಅರ್ಥವಾಗಲು ಕಷ್ಟವಿಲ್ಲ.

ಆದರೆ ತಾರೀಖು ದೊರೆಯದು ಅಂದಮಾತ್ರಕ್ಕೆ ಕತೆಯೂ ದೊರೆಯದಾಗುವುದಿಲ್ಲ. ವಿಚಾರವಾದಿ ಗೆಳೆಯರು ಎಡವುವುದು ಇಲ್ಲೇ. ಕತೆ ನೋಡಿ. ಚಕ್ರವರ್ತಿ ತಲೆ ಎಣಿಸಲು ಹುಕುಂ ಹೊರಡಿಸುತ್ತಾನೆ. ತುಂಬಿದ ಬಸುರಿ ಊರು ಬಿಟ್ಟು ನಡೆಯಬೇಕು. ಛತ್ರದಲ್ಲಿ ಜಾಗವಿಲ್ಲ. ಕೂಸನ್ನು ಗೋದಲಿಯಲ್ಲಿ ಮಲಗಿಸುತ್ತಾರೆ. ಸುದ್ದಿ ಮೊದಲು ಮುಟ್ಟುವುದು ಗುಡಿಯ ಪೂಜಾರಿಗಲ್ಲ, ರಾತ್ರಿ ಹೊಲದಲ್ಲಿ ಕುರಿ ಕಾಯುವವರಿಗೆ. ಇದು ಲೂಕ. ಮತ್ತಾಯನಲ್ಲಿ ಹೆರೋದ ರಾಜ ಎಳೆಗೂಸುಗಳನ್ನು ಕೊಲ್ಲಿಸುತ್ತಾನೆ. ತಂದೆ ತಾಯಿ ಕೂಸನ್ನೆತ್ತಿಕೊಂಡು ಈಜಿಪ್ಟಿಗೆ ಓಡುತ್ತಾರೆ.

ಎರಡು ಕತೆಗಳೂ ಇತಿಹಾಸದೊಂದಿಗೆ ಸರಿಹೊಂದುವುದಿಲ್ಲ, ನಿಜ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ. ಲೂಕ ಹೆಸರಿಸುವ ಕ್ವಿರಿನಿಯಸ್‌ನ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಆದರೆ ಆ ಗಣತಿ ಯಾಕೆ ನಡೆಯಿತು? ಕಂದಾಯಕ್ಕೆ. ಅದರ ವಿರುದ್ಧ ಗಲಿಲಾಯದ ಯೂದ ಎಂಬವನು ದಂಗೆ ಎದ್ದನೆಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿಟ್ಟಿದ್ದಾನೆ. ಕತೆ ಕಟ್ಟಿದವರು ಇಸವಿ ತಪ್ಪಿರಬಹುದು. ಕಂದಾಯದ ಬರೆ ಎಲ್ಲಿ ಬಿತ್ತೆಂಬುದನ್ನು ತಪ್ಪಿಲ್ಲ. ಅದೇ ಲೂಕ ಬಸುರಿ ಮರಿಯಳ ಬಾಯಲ್ಲಿ ಒಂದು ಹಾಡು ಹಾಡಿಸುತ್ತಾನೆ. ಅದು ಜೋಗುಳವಲ್ಲ. ಗದ್ದುಗೆ ಉರುಳಿಸುವ, ಹಸಿದ ಹೊಟ್ಟೆ ತುಂಬಿಸುವ, ಉಳ್ಳವರನ್ನು ಬರಿಗೈಲಿ ಅಟ್ಟುವ ದೇವರ ಹಾಡು. ಅಂಗಡಿಯ ಧ್ವನಿವರ್ಧಕದಲ್ಲಿ ಈ ಹಾಡು ಯಾಕೆ ಕೇಳಿಸುವುದಿಲ್ಲ?

ಒಂದೇ ಹಬ್ಬ ಒಡೆಯನ ಕೈಲಿ ಒಂದಾಗುತ್ತದೆ, ಆಳಿನ ಕೈಲಿ ಇನ್ನೊಂದಾಗುತ್ತದೆ. ಅಮೆರಿಕದ ಗುಲಾಮಗಿರಿಯಿಂದ 1838ರಲ್ಲಿ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ತನ್ನ ಬದುಕಿನ ಕತೆ ಬರೆದ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಗುಲಾಮರಿಗೆ ರಜೆ. ಒಡೆಯರೇ ಕುಡಿಸುತ್ತಿದ್ದರು, ಯಾರು ಹೆಚ್ಚು ಕುಡಿಯುತ್ತಾರೆಂದು ಪಣ ಕಟ್ಟುತ್ತಿದ್ದರು. ಸ್ವಾತಂತ್ರ್ಯ ಅಂದರೆ ಇಷ್ಟೇ, ಈ ಹೊಲಸು ಅಂತ ಗುಲಾಮನೇ ಹೇಸಿಕೊಂಡು ಹೊಲಕ್ಕೆ ಮರಳಲಿ ಅಂತ. ದಂಗೆಯ ಉಗಿ ಹೊರಬಿಡುವ ಕಿಂಡಿ ಅದು ಎಂದು ಡಗ್ಲಾಸ್ ಕಂಡುಕೊಂಡಿದ್ದ. ಹಬ್ಬದ ದಿನ ಜೀತದಾಳಿಗೆ ಧಣಿ ಕೊಡುತ್ತಿದ್ದ ಹಳೇ ಪಂಚೆ, ಒಂದು ಸೇರು ಅಕ್ಕಿ ನಿಮಗೆ ನೆನಪಾಗಲಿಲ್ಲವೇ?

ಈಗ ಇನ್ನೊಂದು ಕ್ರಿಸ್‌ಮಸ್ ನೋಡಿ. ಜಮೈಕಾ, 1831. ಸ್ಯಾಮ್ಯುಯೆಲ್ ಶಾರ್ಪ್ ಎಂಬ ಗುಲಾಮ, ಬ್ಯಾಪ್ಟಿಸ್ಟ್ ಸಭೆಯ ಬೋಧಕ. ಅದೇ ಬೈಬಲ್ಲನ್ನು ಓದಿ ಅವನು ತೆಗೆದ ಅರ್ಥ ಒಂದೇ: ಒಬ್ಬನಿಗೆ ಇಬ್ಬರು ಒಡೆಯರಿರಲಾರರು. ಹಬ್ಬ ಮುಗಿದ ಮೇಲೆ ಕೂಲಿ ಕೊಡದೆ ಕಬ್ಬು ಕಡಿಯುವುದಿಲ್ಲ ಅಂತ ಆಳುಗಳು ಶಪಥ ಮಾಡಿದರು. ಡಿಸೆಂಬರ್ 27ರ ರಾತ್ರಿ ಬೆಂಕಿ ಬಿತ್ತು. ಸುಮಾರು 60,000 ಗುಲಾಮರು ಎದ್ದು ನಿಂತರು. ಸತ್ತ ಬಿಳಿಯರು 14. ಆಮೇಲೆ ವಿಚಾರಣೆಯ ಹೆಸರಲ್ಲಿ ಕೊಂದ ಗುಲಾಮರು 300ಕ್ಕೂ ಹೆಚ್ಚು. 1832ರ ಮೇ 23ರಂದು ಶಾರ್ಪ್‌ನನ್ನು ನೇಣಿಗೇರಿಸಿದರು. ಮರುವರ್ಷವೇ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದುಮಾಡುವ ಕಾನೂನು ಮಾಡಬೇಕಾಯಿತು. ಪರಿಹಾರವೆಂದು ಎರಡು ಕೋಟಿ ಪೌಂಡು ತೆಗೆದಿಟ್ಟರು. ಯಾರಿಗೆ? ಒಡೆಯರಿಗೆ! ಗುಲಾಮರಿಗೆ ಚಿಕ್ಕಾಸೂ ಇಲ್ಲ.

ನಮ್ಮ ಕಡೆಗೆ ಬರೋಣ. 1927ರ ಡಿಸೆಂಬರ್ 25. ಮಹಾಡ್. ಅಸ್ಪೃಶ್ಯರ ಸಭೆಗೆ ಊರಿನ ಮೇಲುಜಾತಿಯವರು ಜಾಗ ಕೊಡಲಿಲ್ಲ. ಕೊಟ್ಟವರು ಫತ್ತೇಖಾನ್ ಎಂಬ ಮುಸಲ್ಮಾನರು. ಆ ಜಾಗದಲ್ಲಿ ಬಾಬಾಸಾಹೇಬರ ಮುಂದಾಳ್ತನದಲ್ಲಿ ಮನುಸ್ಮೃತಿ ಸುಟ್ಟಿತು. ಕ್ರಿಸ್‌ಮಸ್ ಅಂತಲೇ ಆ ದಿನ ಆರಿಸಿದರೆಂದು ನಾನು ಹೇಳುತ್ತಿಲ್ಲ. ಆದರೆ ಛತ್ರದಲ್ಲಿ ಜಾಗವಿಲ್ಲ ಅನ್ನಿಸಿಕೊಂಡವರ ಸಂಕಟ ಎರಡು ಕಡೆಯೂ ಒಂದೇ. 1968ರ ಡಿಸೆಂಬರ್ 25ರ ರಾತ್ರಿ ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ ಭೂಮಾಲೀಕರ ಕಡೆಯವರು ಒಂದು ಗುಡಿಸಲಿಗೆ ಬೆಂಕಿ ಇಟ್ಟರು. ಸುಟ್ಟು ಸತ್ತವರು 44 ದಲಿತರು, ಹೆಚ್ಚಿನವರು ಹೆಂಗಸರು, ಮಕ್ಕಳು. ಕೂಲಿಗೆ ಇನ್ನಷ್ಟು ಭತ್ತ ಕೇಳಿದ್ದೇ ತಪ್ಪು. ಶ್ರೀಮಂತ ಜಮೀನ್ದಾರರು ಖುದ್ದಾಗಿ ನಡೆದು ಬಂದು ಬೆಂಕಿ ಇಟ್ಟಾರೆಂದು ನಂಬುವುದು ಕಷ್ಟ ಅಂತ ಹೈಕೋರ್ಟು ಅವರನ್ನು ಬಿಟ್ಟುಬಿಟ್ಟಿತು. ಹೆರೋದನ ಕತೆ ಇತಿಹಾಸವಲ್ಲ ಅಂತೀರಾ? ಕೀಳ್ವೆಣ್ಮಣಿ ಇತಿಹಾಸ ಸ್ವಾಮೀ.

ಚರ್ಚುಗಳೇ, ನೀವೂ ನುಣುಚಿಕೊಳ್ಳಬೇಡಿ. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ ಚಲ್ಲಣದ ಎರಡು ಕಾಲಿನಂತೆ ಚರ್ಚು ಕಟ್ಟಿದರು. ವೆಳ್ಳಾಲರಿಗೆ ಒಂದು ಕಾಲು, ನಾಡಾರರಿಗೆ ಇನ್ನೊಂದು, ನಡುವೆ ಗೋಡೆ. ಆ ಗೋಡೆ ಬಿದ್ದರೂ ಸ್ಮಶಾನದ ಗೋಡೆಗಳು ಎಷ್ಟೋ ಊರುಗಳಲ್ಲಿ ಬೀಳಲಿಲ್ಲ. ಗೋದಲಿಯ ಬೊಂಬೆಗಳಿಗೆ ಪ್ರತಿವರ್ಷ ಹೊಸ ಬಣ್ಣ ಹಚ್ಚುವವರು ಗೋಡೆಗೆ ಹಾರೆ ಹಾಕಲು ಯಾಕೆ ಹಿಂಜರಿಯುತ್ತೀರಿ?

ಸರ್ಕಾರವೂ ಅಷ್ಟೇ. 1950ರ ಪರಿಶಿಷ್ಟ ಜಾತಿ ಆದೇಶಕ್ಕೆ 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ದಲಿತ ಕ್ರೈಸ್ತನನ್ನೂ ದಲಿತ ಮುಸಲ್ಮಾನನನ್ನೂ ಹೊರಗೇ ಇಟ್ಟರು. ದೇವರು ಬದಲಾದರೆ ಜಾತಿ ಹೋಯ್ತಂತೆ! ಹೋಗಿದ್ದರೆ ಆ ಗೋಡೆ ಯಾಕಿತ್ತು?

ಇನ್ನು ಅಕ್ಕಿಗೆ ಜಾತಿ ಬಿಟ್ಟರು ಅಂತ ಹಂಗಿಸುವ ಧರ್ಮರಕ್ಷಕರೇ, ಅಕ್ಕಿ ಬೆಳೆದವರು ಯಾರು? ನಾಟಿ ಹಾಕಿ, ಕೊಯ್ದು, ಕಣ ಮಾಡಿ, ನಿಮ್ಮ ಕಣಜ ತುಂಬಿಸಿ ಗಂಜಿಗೆ ಕೈಚಾಚಿ ನಿಂತವರು ನಮ್ಮ ಅಪ್ಪ ಅವ್ವಂದಿರು. ಬೆಳೆದವನ ಹಸಿವು ನಿಮಗೆ ನಾಚಿಕೆ ಅನ್ನಿಸಲಿಲ್ಲ. ಅವನು ಉಂಡದ್ದು ಮಾತ್ರ ಅಪಮಾನವಾಯಿತೇ?

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ನಾನು ಯಾರನ್ನೂ ಚರ್ಚಿಗೆ ಕರೆಯುತ್ತಿಲ್ಲ. ದೇವರಿದ್ದಾನೋ ಇಲ್ಲವೋ ಅನ್ನುವ ವಾದವನ್ನೂ ಹೂಡುತ್ತಿಲ್ಲ. ಡಿಸೆಂಬರ್ 25ರಂದು ಒಂದು ಕೆಲಸ ಮಾಡಿ. ಮಕ್ಕಳನ್ನು ಕೂರಿಸಿಕೊಂಡು ಬೆತ್ಲೆಹೇಮಿನ ಗೋದಲಿ, ಜಮೈಕಾದ ಕಬ್ಬಿನ ಗದ್ದೆ, ಮಹಾಡಿನ ಬೆಂಕಿ, ಕೀಳ್ವೆಣ್ಮಣಿಯ ಗುಡಿಸಲು ನಾಲ್ಕನ್ನೂ ಒಟ್ಟಿಗೆ ಹೇಳಿ. ಕೇಕು ಇದ್ದರೆ ಹಂಚಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಕೇರಿಯಲ್ಲಿ ಕೂತು, ಒಂದೇ ತಟ್ಟೆಯಿಂದ ತಿನ್ನಿ. ಯಾರು ಬರುವುದಿಲ್ಲ ಅನ್ನುತ್ತಾರೋ ನೋಡಿಕೊಳ್ಳಿ. ಗೋದಲಿ ಕದ್ದವರು ಯಾರೆಂದು ಆಗ ನಿಮಗೇ ಗೊತ್ತಾಗುತ್ತದೆ.