ಸೀತಾಳೆ ದಂಡೆಗೆ ನಾನು ಮಣ್ಣು ಹಾಕಿದ್ದು

ಜೂನ್ ಬಂತೆಂದರೆ ನನಗೆ ಮೊದಲು ನೆನಪಾಗೋದು ಸೀತಾಳೆ ದಂಡೆ. ತೀರ್ಥಹಳ್ಳಿ ಕಡೆಯ ನಮ್ಮ ತವರಿನ ಅಂಗಳದಾಚೆ ಹಳೇ ಮಾವಿನ ಮರವೊಂದಿತ್ತು. ಮಳೆ ಹಿಡಿಯುವ ಹೊತ್ತಿಗೆ ಅದರ ಕೊಂಬೆಗಳಿಂದ ನರಿಬಾಲದ ಹಾಗೆ ಹೂಗೊಂಚಲು ಇಳಿಬೀಳುತ್ತಿದ್ದವು. ಬಿಳಿ ಎಸಳು, ಅದರ ಮೇಲೆ ನೇರಳೆ ಬೆರೆತ ಗುಲಾಬಿ ಚುಕ್ಕೆ. ಒಂದೊಂದು ಹೂವೂ ಹೆಬ್ಬೆರಳ ಉಗುರಿನಷ್ಟು. ದೊಡ್ಡ ಗೊಂಚಲಾದರೆ ನೂರಕ್ಕೂ ಹೆಚ್ಚು. ಕಟ್ಟೋ ಕೆಲಸವೇ ಇಲ್ಲ, ಬರುವಾಗಲೇ ದಂಡೆ. ಅಮ್ಮ ದೋಟಿಯಲ್ಲಿ ಒಂದನ್ನು ಇಳಿಸಿ ನನ್ನ ಜಡೆಗೆ ಸಿಕ್ಕಿಸಿ ಶಾಲೆಗೆ ಕಳಿಸುತ್ತಿದ್ದಳು. ವನವಾಸದಲ್ಲಿ ಸೀತೆ ಮುಡಿದ ಹೂ, ಅದಕ್ಕೇ ಈ ಹೆಸರು ಅನ್ನೋದು ನಮ್ಮೂರ ಕತೆ. ದ್ರೌಪದಿ ದಂಡೆ ಅನ್ನುವವರೂ ಇದ್ದಾರೆ. ಇಬ್ಬರೂ ಕಾಡಿಗೆ ಹೋದವರೇ ತಾನೆ, ಜಗಳ ಬೇಡ.

ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಆ ಹೂವಿನ ಆಸೆ ಹೋಗಲಿಲ್ಲ. ಒಂದು ಸಲ ತವರಿಗೆ ಹೋದಾಗ, ಅಮ್ಮ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದ ಹೊತ್ತು ನೋಡಿ, ಕತ್ತಿಯಲ್ಲಿ ಬೇರು ಕೆತ್ತಿ ಗಿಡವನ್ನೇ ಕಿತ್ತುಕೊಂಡು ಬಂದೆ. ಬಾಲ್ಕನಿಯಲ್ಲಿ ಒಳ್ಳೇ ಕುಂಡ, ಕೆಂಪು ಮಣ್ಣು, ಸಗಣಿ ಗೊಬ್ಬರ, ಬೆಳಿಗ್ಗೆ ಸಂಜೆ ನೀರು. ಮಗುವಿಗಿಂತ ಹೆಚ್ಚು ಉಪಚಾರ! ಎರಡೇ ತಿಂಗಳಲ್ಲಿ ಬೇರು ಕೊಳೆತು ಎಲೆ ಒಂದೊಂದೇ ಕಳಚಿ ಬಿತ್ತು.

ಆ ಸಮಯಕ್ಕೇ ಅಮ್ಮ ಬಂದಳು. ಕುಂಡ ನೋಡಿ, “ಎಂತ ಮಾಡಿದ್ಯೇ ಇದನ್ನ? ಮರದ ಮೇಲಿದ್ದಾಗ ಯಾರು ನೀರು ಹಾಕ್ತಿದ್ರು ಇದಕ್ಕೆ?” ಅಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಎದುರು ಮನೆಯ ಅಸ್ಸಾಮಿನ ಹುಡುಗಿಯೂ ಅದೇ ವಾರ ಕುಂಡ ನೋಡಿ “ಕೊಪೌ ಫೂಲ್!” ಎಂದು ಕೂಗಿಬಿಟ್ಟಳು. ನಮ್ಮ ಸೀತಾಳೆಯೇ ಅವರ ರಾಜ್ಯಪುಷ್ಪವಂತೆ. ಏಪ್ರಿಲ್‌ನ ಬಿಹು ಹಬ್ಬಕ್ಕೆ ಕುಣಿಯುವ ಹುಡುಗಿಯರ ತುರುಬಿನಲ್ಲಿ ಇದು ಇರಲೇಬೇಕು. ಅಷ್ಟು ದೂರದವರೂ ನಾವೂ ಒಂದೇ ಹೂ ಮುಡಿಯುವವರು ಅಂತ ತಿಳಿದು ಖುಷಿಯಾಯಿತು. ಕೊಂದವಳು ನಾನು ಅಂತ ಹೇಳಲು ನಾಚಿಕೆಯೂ ಆಯಿತು.

ಆಮೇಲೆ ಓದಲು ಕೂತೆ. ಇದರ ಶಾಸ್ತ್ರೀಯ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ. ಎಲೆಯ ತುದಿ ಇಲಿ ಕಚ್ಚಿದ ಹಾಗೆ ತಗ್ಗಾಗಿರುತ್ತದಲ್ಲ, ಆ ‘ರೆಟ್ಯೂಸಾ’ ಅದನ್ನೇ ಹೇಳುವುದು. ಹೂವಿಲ್ಲದ ಕಾಲದಲ್ಲಿ ನೀವೂ ಇದರಿಂದ ಗುರುತು ಹಿಡಿಯಬಹುದು. 1693ರಲ್ಲಿ ಬಂದ ‘ಹಾರ್ಟಸ್ ಮಲಬಾರಿಕಸ್’ನ 12ನೇ ಸಂಪುಟದಲ್ಲೇ ಇದರ ಚಿತ್ರವಿದೆ, ಹೆಬ್ಬಲಸಿನ ಮಲಯಾಳದ ಹೆಸರಾದ ‘ಅಂಜಿಲಿ’ಯನ್ನು ಸೇರಿಸಿಕೊಂಡು. ಮರವಿಲ್ಲದೆ ಈ ಗಿಡಕ್ಕೆ ಹೆಸರೂ ಇರಲಿಲ್ಲ ನೋಡಿ.

ಹಾಗಂತ ಇದು ಬಂದಣಿಕೆ ಅಲ್ಲ. ಬಂದಣಿಕೆ ಮರದ ರಸ ಹೀರುತ್ತದೆ. ಸೀತಾಳೆ ಮರವನ್ನು ಹಿಡಿದು ಕೂರುವುದು ಬೆಳಕಿಗಾಗಿ ಮಾತ್ರ. ಅದರ ದಪ್ಪ ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಹೊದಿಕೆ ಇರುತ್ತದೆ. ಮಳೆಹನಿ, ಮಂಜು ಬಿದ್ದಾಗ ಹೀರಿಕೊಂಡು ಬೇರು ಹಸಿರಾಗುತ್ತದೆ, ಗಾಳಿಗೆ ಮತ್ತೆ ಒಣಗಿ ಬೆಳ್ಳಗಾಗುತ್ತದೆ. ಈ ಒಣಗುವುದೂ ಅದಕ್ಕೆ ಬೇಕು. ನಾನು ಮಣ್ಣಲ್ಲಿ ಹೂತು ಉಸಿರು ಕಟ್ಟಿಸಿದ್ದೆ. ಬೀಜವೋ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿಯೇ ಇಲ್ಲ. ತೊಗಟೆಯಲ್ಲಿ ಸರಿಯಾದ ಶಿಲೀಂಧ್ರ ಸಿಕ್ಕಿ ಅದು ಉಣಿಸಿದರೆ ಮಾತ್ರ ಮೊಳಕೆ. ಮೊಳೆತ ಮೇಲೂ ಹೂ ಬಿಡಲು ವರ್ಷಗಳು ಬೇಕು. ಒಂದು ಗಿಡ ಕೀಳುವುದಕ್ಕೆ ನನಗೆ ಐದು ನಿಮಿಷ ಸಾಕಾಗಿತ್ತು.

ನರ್ಸರಿಗಳಲ್ಲಿ ಇದರ ನೆಂಟರು ಸಿಗುತ್ತಾರೆ. ಥಾಯ್ಲೆಂಡ್ ಕಡೆಯ ‘ಜೈಜಾಂಟಿಯಾ’ ಚಳಿಗಾಲದಲ್ಲಿ ಅಚ್ಚ ಬಿಳಿ, ಕಡುಗೆಂಪು, ಚುಕ್ಕೆ ಅಂತ ಬಗೆಬಗೆಯಾಗಿ ಅರಳುತ್ತದೆ. ‘ಸೆಲೆಸ್ಟಿಸ್’ ನೀಲಿಯದು, ಅದರ ಗೊಂಚಲು ಇಳಿಬೀಳದೆ ನೆಟ್ಟಗೆ ನಿಲ್ಲುತ್ತದೆ. ನಮ್ಮದರಲ್ಲೂ ಚುಕ್ಕೆಯೇ ಇಲ್ಲದ ಬಿಳಿ ಅಪರೂಪಕ್ಕೆ ಇರುವುದುಂಟು. ನಾನು ಕಂಡಿಲ್ಲ. ಕಂಡರೂ ಇನ್ನು ಕೀಳುವವಳಲ್ಲ.

ನಾಲ್ಕು ವರ್ಷದ ಹಿಂದೆ ಆಗಸ್ಟಿನ ಗಾಳಿಮಳೆಗೆ ಆ ಮಾವಿನ ಮರ ಬುಡಸಮೇತ ಬಿತ್ತು. ಕೊಂಬೆ ಸೌದೆಗೆ ಕಡಿಯುವ ಮೊದಲು ಅತ್ತಿಗೆ ಫೋನ್ ಮಾಡಿದರು: “ನಿಮ್ಮ ಸೀತಾಳೆ ಎಂತ ಮಾಡೋದೇ?” ರಾತ್ರಿ ಬಸ್ಸಿಗೇ ಹೊರಟೆ. ಈ ಸಲ ಕತ್ತಿ ಮುಟ್ಟಲಿಲ್ಲ. ತೊಗಟೆ ಸಮೇತ ಬಿಡಿಸಿ, ಏಳು ಗಿಡಗಳನ್ನು ಹಿತ್ತಲ ಹಲಸಿನ ಮರಕ್ಕೆ ಬಾಳೆನಾರಿನಲ್ಲಿ ಕಟ್ಟಿದೆವು. ಮಣ್ಣಿಲ್ಲ, ಗೊಬ್ಬರ ಇಲ್ಲ. ಅಮ್ಮ ಕುರ್ಚಿ ಹಾಕಿಸಿಕೊಂಡು ಕೂತು, “ಮೇಲೆ, ಇನ್ನೂ ಮೇಲೆ, ಬಿಸಿಲು ಸೋಕ್ಬೇಕು” ಅಂತ ಹೇಳುತ್ತಲೇ ಇದ್ದಳು.

ನಾಲ್ಕು ಒಣಗಿದವು. ಮೂರು ಬೇರು ಬಿಟ್ಟವು. ಎರಡು ಮಳೆಗಾಲ ಬರೀ ಎಲೆ, ಮೂರನೆಯದರಲ್ಲೂ ಬರೀ ಎಲೆ. ಈ ಜೂನ್‌ನಲ್ಲಿ ಅತ್ತಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ಒಂದೇ ಒಂದು ದಂಡೆ, ಗೇಣುದ್ದ. ಅಮ್ಮನಿಗೆ ಮುಡಿಸಿ ಒಂದು ಫೋಟೋ ತೆಗೀರಿ ಅಂದೆ. ಅಮ್ಮನೇ ಫೋನ್ ಇಸ್ಕೊಂಡಳು.

“ಕೊಯ್ಯೋದು ಬ್ಯಾಡ. ಕಾಯಿ ಆಗ್ಲಿ. ನೀ ಬಂದು ನೋಡ್ಕಂಡು ಹೋಗು.”

ಶನಿವಾರದ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.