ರಾಮಟಂಕದ ಕಾಲನಿರ್ಣಯ: ಕೆಲವು ವಿಚಾರಗಳು

ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ಗುಲಬರ್ಗಾ ವಿಶ್ವವಿದ್ಯಾಲಯದಂಥ ಸಂಸ್ಥೆಗಳಿಂದ ತಾಳೆಗರಿ, ಕಡತಗಳನ್ನು ಅರಸಿ ಹಳ್ಳಿಗಳಿಗೆ ಹೋಗುವವರ ಮುಂದೆ ಮನೆಯವರು ದೇವರ ಜಗುಲಿಯ ಮೇಲಿನ ಒಂದು ಬಿಲ್ಲೆಯನ್ನೂ ತಂದಿಡುವುದುಂಟು. ಅದರ ಒಂದು ಮುಖದಲ್ಲಿ ಪಟ್ಟಾಭಿಷೇಕದ ದೃಶ್ಯ: ಪೀಠದ ಮೇಲೆ ರಾಮ ಸೀತೆಯರು, ಸುತ್ತ ಸೋದರರು, ಕೈಮುಗಿದ ಹನುಮಂತ. ಇನ್ನೊಂದರಲ್ಲಿ ಬಿಲ್ಲು ಹಿಡಿದು ನಿಂತ ರಾಮ ಲಕ್ಷ್ಮಣರು. ‘ಇದು ವಿಜಯನಗರದ ನಾಣ್ಯವೇ?’ ಎಂಬುದು ಮನೆಯವರ ಪ್ರಶ್ನೆ. ಹೌದೆಂದು ಹೊಗಳುವವರೂ ಇದ್ದಾರೆ, ನಕಲಿಯೆಂದು ತಳ್ಳಿಹಾಕುವವರೂ ಇದ್ದಾರೆ. ಈ ಎರಡೂ ಉತ್ತರಗಳು ವಸ್ತುವಿಗೆ ಅನ್ಯಾಯ ಮಾಡುತ್ತವೆ ಎಂಬುದು ಪ್ರಸ್ತುತ ಲೇಖನದ ನಿಲುವು.

ರಾಮಟಂಕಗಳು ಪ್ರಭುತ್ವದ ನಾಣ್ಯಗಳಲ್ಲ. ಯಾತ್ರೆಗೆ ಹೋದ ಭಕ್ತರು ತಂದು ಪೂಜೆಗಿಟ್ಟುಕೊಂಡ ಮುದ್ರೆಗಳು. ಆದರೂ ಜನರ ಊಹೆ ನಿರಾಧಾರವೇನಲ್ಲ. ಕೃಷ್ಣದೇವರಾಯನ ವರಹದ ಮೇಲೆ ಬಾಲಕೃಷ್ಣನಿದ್ದಾನೆ. ಅರವೀಡು ಮನೆತನದ ತಿರುಮಲರಾಯನ ನಾಣ್ಯಗಳಲ್ಲಿ ರಾಮ, ಸೀತೆ, ಲಕ್ಷ್ಮಣರೇ ಇದ್ದಾರೆ. ಅಕ್ಬರನೂ ತನ್ನ ಕೊನೆಯ ವರ್ಷಗಳಲ್ಲಿ ರಾಮಸೀತೆಯರ ಚಿತ್ರವಿರುವ ನಾಣ್ಯಗಳನ್ನು ಹೊರಡಿಸಿದ್ದನು. ಹೀಗಾಗಿ ದೇವರ ಚಿತ್ರವೊಂದೇ ಯಾವುದನ್ನೂ ಸಾಧಿಸಲಾರದು. ವಿಜಯನಗರದ ವರಹ ಸುಮಾರು 3.4 ಗ್ರಾಂ ತೂಗುವ ಚಿನ್ನದ ನಾಣ್ಯ. ಅದರ ಹಿಂಬದಿಯಲ್ಲಿ ಸಾಮಾನ್ಯವಾಗಿ ಅರಸನ ಹೆಸರಿರುತ್ತದೆ. ರಾಮಟಂಕಗಳಲ್ಲಿ ಅರಸನ ಹೆಸರಿಲ್ಲ, ತೂಕಕ್ಕೆ ಒಂದು ಕಟ್ಟಿಲ್ಲ. ಬಹುಪಾಲು ಹಿತ್ತಾಳೆಯವು, ಕೆಲವು ಬೆಳ್ಳಿ ಬಂಗಾರದವು.

ದೊರೆತ ಸ್ಥಳವೇ ಹುಟ್ಟಿದ ಸ್ಥಳವೆಂದು ತಿಳಿಯುವುದೂ ತಪ್ಪು. 1347ರಲ್ಲಿ ಬಹಮನಿ ರಾಜಧಾನಿಯಾದ ಕಲಬುರಗಿಯ ಟಂಕಸಾಲೆ ಅಹಸನಾಬಾದ್ ಎಂಬ ಹೆಸರಿನಲ್ಲಿ ಅಚ್ಚೊತ್ತಿದ್ದು ಅಕ್ಷರಗಳನ್ನು, ವಿಗ್ರಹಗಳನ್ನಲ್ಲ. ಇಲ್ಲಿಯ ಜಗುಲಿಯ ಮೇಲಿನ ರಾಮಟಂಕ ಯಾತ್ರಿಕರ ಗಂಟಿನಲ್ಲಿ ದೂರದಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಅದರ ಬರಹವೂ ಇದನ್ನೇ ಸೂಚಿಸುತ್ತದೆ. ಅನೇಕ ಬಿಲ್ಲೆಗಳಲ್ಲಿ ನಾಗರಿ ಲಿಪಿಯ ಹೆಸರುಗಳು ಸರಿಯಾದ ಕಾಗುಣಿತವಿಲ್ಲದೆ ಮೂಡಿವೆ. ‘ಲಕ್ಷ್ಮಣ’ ಎಂಬುದು ‘ಲಛಮನ’ ಎಂದಿರುತ್ತದೆ. ಇದು ಉತ್ತರದ ಆಡುನುಡಿಯ ರೂಪ. ಓದುವವರು ಇದನ್ನು ಅಪಪಾಠವೆಂದು ಭಾವಿಸಿ ತಿದ್ದಿ ಬರೆದುಕೊಂಡರೆ ಮೂಲವನ್ನು ಹೇಳುವ ಸಾಕ್ಷಿಯೇ ಅಳಿದುಹೋಗುತ್ತದೆ. ಗ್ರಂಥಸಂಪಾದನೆಯಲ್ಲಿ ಪಳಗಿದ ಕನ್ನಡ ವಿಭಾಗಗಳು ಇಲ್ಲಿ ನಾಣ್ಯಶಾಸ್ತ್ರಕ್ಕೆ ನೆರವಾಗಬಲ್ಲವು.

ಬಿಲ್ಲೆಯ ಮೇಲಿನ ಇಸವಿ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಕ್ರೈಸ್ತರ ಮನೆಗಳಲ್ಲಿ ಕಾಣುವ, ಮರಿಯಮ್ಮನ ಪವಾಡ ಪದಕವೆಂದು ಹೆಸರಾದ ಪದಕದ ಮೇಲೆ 1830 ಎಂದಿರುತ್ತದೆ. ಅದು ಪ್ಯಾರಿಸಿನ ಕನ್ಯಾಸ್ತ್ರೀಯೊಬ್ಬರಿಗೆ ದರ್ಶನವಾಯಿತೆಂದು ನಂಬಲಾದ ವರ್ಷ. ಮೊದಲ ಪದಕಗಳು ತಯಾರಾದದ್ದು 1832ರಲ್ಲಿ. ಇಂದು ಅಚ್ಚಾಗುವುದರ ಮೇಲೂ 1830 ಎಂದೇ ಇರುತ್ತದೆ. ಅಲ್ಲಿ ಇಸವಿ ಸ್ಮರಣೆಯ ಗುರುತು. ನಮ್ಮಲ್ಲಿ ಅದು ವಂಚನೆಯ ಸಾಧನವೂ ಆಗಿದೆ. ಒಂದು ಬದಿಯಲ್ಲಿ ರಾಮಪರಿವಾರ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು ಮತ್ತು 1818ನೆಯ ಇಸವಿ ಇರುವ ಬಿಲ್ಲೆಗಳು ಎಲ್ಲೆಡೆ ಹರಿದಾಡುತ್ತವೆ. ಕಂಪನಿ ಮದರಾಸಿನಲ್ಲಿ ವಿಷ್ಣುವಿನ ಚಿತ್ರವಿರುವ ವರಹಗಳನ್ನು ಹೊರಡಿಸಿದ್ದುಂಟು. ಈ ಬಿಲ್ಲೆಗಳನ್ನು ಹೊರಡಿಸಲಿಲ್ಲ. ಆದರೂ ಅದ್ಭುತಶಕ್ತಿಯ ನಾಣ್ಯವೆಂಬ ಮಾತಿಗೆ ಮರುಳಾಗಿ ಹಣ ಕಳೆದುಕೊಳ್ಳುವವರಿದ್ದಾರೆ.

ಸವಕಳಿಯನ್ನು ಕಂಡು ಪ್ರಾಚೀನತೆಯನ್ನು ಅಳೆಯುವುದೂ ಸಲ್ಲದು. ಪೆಟ್ಟಿಗೆಯಲ್ಲಿಟ್ಟ ನಾಣ್ಯ ನೂರು ವರ್ಷ ಕಳೆದರೂ ಹೊಸದರಂತಿರಬಹುದು. ಹಬ್ಬಹಬ್ಬಕ್ಕೂ ಹುಣಸೆಹುಳಿಯಲ್ಲಿ ತಿಕ್ಕಿದ ಬಿಲ್ಲೆಯಲ್ಲಿ ಹನುಮಂತನ ಮುಖ ಒಂದೆರಡು ತಲೆಮಾರಿನಲ್ಲಿಯೇ ಮಾಸಿಹೋಗಬಹುದು. ಆ ಸವಕಳಿ ಹೇಳುವುದು ಕಾಲದ ಲೆಕ್ಕವನ್ನಲ್ಲ, ಪೂಜೆಯ ಲೆಕ್ಕವನ್ನು.

ಹಾಗಾದರೆ ನಾವು ಮಾಡಬೇಕಾದುದೇನು? ತೂಕ, ವ್ಯಾಸ, ಲೋಹ, ಎರಕವೋ ಅಚ್ಚೋ ಎಂಬುದನ್ನು ಗುರುತಿಸಬೇಕು. ಎರಡೂ ಮುಖಗಳ ಛಾಯಾಚಿತ್ರ ತೆಗೆದು, ಬರಹವನ್ನು ಇದ್ದಂತೆಯೇ ನಕಲು ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಯಾರು, ಯಾವ ಯಾತ್ರೆಯಿಂದ ತಂದರು, ಯಾವ ಹಬ್ಬದಲ್ಲಿ ಹೊರತೆಗೆಯುತ್ತಾರೆ ಎಂಬುದನ್ನು ಮನೆಯ ಹಿರಿಯರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ವಿಜಯನಗರದ್ದಲ್ಲವೆಂದು ತಿಳಿದೊಡನೆ ಬಿಲ್ಲೆ ಅಕ್ಕಸಾಲಿಗನ ಮೂಸೆ ಸೇರುವ ಅಪಾಯವಿದೆ. ಅರಸರ ಇತಿಹಾಸಕ್ಕೆ ಶಾಸನಗಳಿವೆ. ಕಾಲ್ನಡಿಗೆಯಲ್ಲಿ ಹೋಗಿ ಬಂದ ಸಾಮಾನ್ಯ ಭಕ್ತರ ಇತಿಹಾಸಕ್ಕೆ ಉಳಿದಿರುವುದು ಇಂಥ ಬಿಲ್ಲೆ ಮತ್ತು ಅದರ ಸುತ್ತಲಿನ ಮಾತು. ಬಿಲ್ಲೆ ಉಳಿದರೂ ಹಿರಿಯರೊಡನೆ ಮಾತು ಹೊರಟುಹೋಗುತ್ತದೆ. ಆದ್ದರಿಂದ ಹಸ್ತಪ್ರತಿಗಳ ಸೂಚಿಯೊಡನೆ ಮನೆದೇವರ ಬಿಲ್ಲೆಗಳ ಸೂಚಿಯೂ ನಮ್ಮ ಕ್ಷೇತ್ರಕಾರ್ಯದ ಭಾಗವಾಗಬೇಕಾಗಿದೆ.