ಹಿತ್ತಲ ಗಿಡವೂ ಸೀಮೆಯ ಬಿಯರೂ

ವಿದೇಶಯಾತ್ರೆ ಮುಗಿಸಿ ಬೆಂಗಳೂರಿಗೆ ಮರಳುವ ನಮ್ಮ ವಿದ್ಯಾವಂತ ಗೃಹಸ್ಥರಿಗೆ ಈಚೆಗೆ ಹೊಸದೊಂದು ಕಾಯಿಲೆ ಅಂಟಿಕೊಂಡಿದೆ. ಹಿಂದಿನ ಕಾಲದಲ್ಲಿ ಸೀಮೆಗೆ ಹೋಗಿ ಬಂದವರು ಇಲ್ಲಿನ ಸೆಕೆ, ಧೂಳು, ಸೊಳ್ಳೆಗಳನ್ನು ನಿಂದಿಸುತ್ತಿದ್ದರು. ಈಗಿನವರು ಇಲ್ಲಿನ ಬಿಯರನ್ನು ನಿಂದಿಸುತ್ತಾರೆ. ಹದಿನೈದು ದಿನ ಯೂರೋಪು ಸುತ್ತಿ ಬಂದವನ ನಾಲಗೆ ಇದ್ದಕ್ಕಿದ್ದಂತೆ ಎಷ್ಟು ನಾಜೂಕಾಗುತ್ತದೆಂದರೆ, ಹತ್ತು ವರ್ಷ ಸಂತೋಷವಾಗಿ ಕುಡಿದದ್ದು ಈಗ ಅವನ ಗಂಟಲಲ್ಲಿ ಇಳಿಯುವುದಿಲ್ಲ. “ಬೆಲ್ಜಿಯಂ ಬಿಯರ್ ಕುಡಿದ ಮೇಲೆ ಇದನ್ನು ಯಾರು ಕುಡಿಯುತ್ತಾರೆ, ಸ್ವಾಮಿ?” ಎನ್ನುತ್ತ, ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಸುತ್ತಿ ತಂದ ಡಬ್ಬಿಗಳನ್ನು ಲೆಕ್ಕವಿಟ್ಟು ಕುಡಿಯುತ್ತಾನೆ. ಅವು ಮುಗಿದ ಮೇಲೆ ಹಲವು ಪಟ್ಟು ಬೆಲೆ ತೆತ್ತು ಆಮದಾದ ಬಾಟಲಿಗಳನ್ನು ಹುಡುಕಿಕೊಂಡು ಅಲೆಯುತ್ತಾನೆ.

ಮನೆಗೆ ಮರಳಿದವನು ಯಾವ ಬಿಯರನ್ನು ಆರಿಸಿಕೊಳ್ಳಬೇಕು ಎಂಬುದು ಕ್ಷುಲ್ಲಕವಾದ ಪ್ರಶ್ನೆಯೆಂದು ವಾಚಕರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಮನುಷ್ಯನು ಹೊರಗೆ ಏನನ್ನು ಕಲಿತು ಬಂದನೆಂಬುದು ಅವನ ಭಾಷಣದಿಂದ ತಿಳಿಯುವುದಿಲ್ಲ. ಮರಳಿದ ಮೇಲೆ ಅವನು ಏನನ್ನು ಬೇಡುತ್ತಾನೆ ಎಂಬುದರಿಂದ ತಿಳಿಯುತ್ತದೆ. ಆದುದರಿಂದ ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಊರಿಗೆ ಬಂದವನು ಊರಿನ ಬಿಯರನ್ನೇ ಕುಡಿಯಬೇಕು, ಅದು ಚೆನ್ನಾಗಿಲ್ಲವಾದರೆ ಚೆನ್ನಾಗುವವರೆಗೆ ಜಗಳವಾಡಬೇಕು.

ಕುಡಿಯುವುದೇ ತಪ್ಪೆನ್ನುವ ಹಿರಿಯರೊಡನೆ ನನಗೆ ವಾದವಿಲ್ಲ. ಪಾನನಿರೋಧದ ಪ್ರಯತ್ನ ರಾಜ್ಯದ ಕರ್ತವ್ಯವೆಂದು ನಮ್ಮ ಸಂವಿಧಾನದ 47ನೆಯ ವಿಧಿಯೇ ಹೇಳುತ್ತದೆ. ಮದ್ಯದಲ್ಲಿ ನಿರಪಾಯವಾದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿತು. ಕುಡಿಯದವರು ಪುಣ್ಯವಂತರು. ನನ್ನ ತಕರಾರು ಕುಡಿಯುವವರ ಸೋಗಿನೊಡನೆ.

ಯೂರೋಪಿನ ಬಿಯರಿನ ಹಿರಿಮೆ ಹಾಡುವ ನಮ್ಮವರು ಅಲ್ಲಿ ನಿಜವಾಗಿ ಏನನ್ನು ನೋಡಿ ಬಂದರು? ನಾನೂ ಕಲೋನ್ ನಗರದ ಪಾನಗೃಹಗಳಲ್ಲಿ ಕುಳಿತು ಬಂದವನೇ. ಅಲ್ಲಿ ಕೊಡುವುದು ಕೋಲ್ಶ್ ಎಂಬ ತಿಳಿಹೊಂಬಣ್ಣದ ಬಿಯರು. ಅದೂ 200 ಮಿಲಿಲೀಟರಿನ ಸಣ್ಣ ನೀಳ ಲೋಟದಲ್ಲಿ, ಕೆಡದಂತೆ, ಬೆಚ್ಚಗಾಗದಂತೆ. ಲೋಟ ಬರಿದಾದರೆ ಬಡಿಸುವವನು ಕೇಳದೆಯೇ ಇನ್ನೊಂದನ್ನು ತಂದಿಡುತ್ತಾನೆ. ಸಾಕೆನಿಸಿದವನು ಲೋಟದ ಮೇಲೆ ರಟ್ಟಿನ ಬಿಲ್ಲೆಯನ್ನು ಮುಚ್ಚಬೇಕು. ನಲವತ್ತು ಕಿಲೋಮೀಟರು ಆಚೆ, ಅದೇ ರೈನ್ ನದಿಯ ದಡದಲ್ಲಿ, ಡುಸೆಲ್‌ಡಾರ್ಫ್ ಇದೆ. ಅಲ್ಲಿಯವರದು ತಾಮ್ರವರ್ಣದ ಆಲ್ಟ್. ಕಲೋನಿನವನು ಆಲ್ಟನ್ನು ಹಾಸ್ಯಮಾಡುತ್ತಾನೆ, ಡುಸೆಲ್‌ಡಾರ್ಫಿನವನು ಕೋಲ್ಶನ್ನು ಹಾಸ್ಯಮಾಡುತ್ತಾನೆ. ಬ್ಯಾಂಬರ್ಗ್ ಎಂಬ ಊರಿನವರು ಬೀಚ್ ಮರದ ಹೊಗೆಯಲ್ಲಿ ಒಣಗಿಸಿದ ಮಾಲ್ಟಿನಿಂದ ಮಾಡಿದ, ಹೊಸಬರಿಗೆ ಒಲೆಯ ಹೊಗೆ ಕುಡಿದಂತೆ ತೋರುವ ಬಿಯರನ್ನು ಹೆಮ್ಮೆಯಿಂದ ಕುಡಿಯುತ್ತಾರೆ. ಕೋಲ್ಶ್ ಎಂಬ ಹೆಸರಿಗೆ ಯೂರೋಪಿನ ಒಕ್ಕೂಟದ ಕಾನೂನಿನ ರಕ್ಷಣೆಯೂ ಇದೆ. ನಮ್ಮ ನಂಜನಗೂಡು ರಸಬಾಳೆಗೆ, ಮೈಸೂರು ಮಲ್ಲಿಗೆಗೆ ಇರುವಂಥದೇ.

ಇದನ್ನು ಕಣ್ಣಾರೆ ಕಂಡವನು ಕಲಿಯಬೇಕಾದ ಪಾಠ ಯಾವುದು? ಕಲೋನಿನವನು ತನ್ನ ಊರಿನದನ್ನು ಕುಡಿಯುತ್ತಾನೆ ಎಂಬ ಪಾಠ. ನಮ್ಮವನಾದರೋ ಆ ಅಭಿಮಾನವನ್ನು ಅಲ್ಲಿಯೇ ಬಿಟ್ಟು ಬಾಟಲಿಯನ್ನು ಮಾತ್ರ ಹೊತ್ತು ತರುತ್ತಾನೆ. ಆಲೆಮನೆಗೆ ಹೋದವನು ಬೆಲ್ಲವನ್ನು ಬಿಟ್ಟು ಕಬ್ಬಿನ ಸಿಪ್ಪೆ ತಂದಂತಾಯಿತು.

ಹೊತ್ತು ತಂದ ಬಾಟಲಿಯಾದರೂ ಅಲ್ಲಿಯ ರುಚಿಯನ್ನು ತರುತ್ತದೆಯೆ? ಬಿಯರಿಗೆ ಮೂವರು ಶತ್ರುಗಳು: ಶಾಖ, ಬೆಳಕು, ಗಾಳಿ. ಬಿಸಿಲು ಬಿದ್ದ ಹಸಿರು ಬಾಟಲಿಯ ಬಿಯರು ದುರ್ವಾಸನೆ ಬೀರುತ್ತದೆ. ಹಳತಾದದ್ದು ನೆನೆದ ರಟ್ಟಿನಂತೆ ರುಚಿಸುತ್ತದೆ. ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ಸ್ ಹೂವಿನ ಸುವಾಸನೆ ಮೊದಲು ಹಾರಿಹೋಗುವಂಥದು. ಹಾಪ್ಸನ್ನು ಧಾರಾಳವಾಗಿ ಸುರಿದು ಮಾಡುವ ಇಂದಿನ ಮೋಡಗಟ್ಟಿದ ಬಿಯರುಗಳು ಕೆಲವೇ ವಾರಗಳಲ್ಲಿ ಕಳೆಗುಂದುತ್ತವೆ. ಅವು ಹಡಗಿನ ಪೆಟ್ಟಿಗೆಯಲ್ಲಿ ಬೆಂದು, ಬಂದರಿನಲ್ಲಿ ಕಾದು, ಗೋದಾಮಿನಲ್ಲಿ ಮಲಗಿ, ಕೊನೆಗೆ ನಮ್ಮ ಮಿತ್ರನ ಕೈ ಸೇರುವ ಹೊತ್ತಿಗೆ ಉಳಿದಿರುವುದು ಚೀಟಿಯ ಮೇಲಿನ ಹೆಸರು. ಅವನು ಕಣ್ಣುಮುಚ್ಚಿ ಸವಿಯುತ್ತಿರುವುದು ಆ ಹೆಸರನ್ನು.

ಈ ಹೆಸರಿನ ಮೋಹದಲ್ಲಿ ಒಂದು ವಿನೋದವೂ ಉಂಟು. ಬೆಂಗಳೂರಿನ ತರುಣರು ಅಮೆರಿಕದ ವಿದ್ಯೆಯೆಂದು ತಿಳಿದು ಕೇಳುವ ‘ಐಪಿಎ’ ಎಂದರೆ ಇಂಡಿಯಾ ಪೇಲ್ ಏಲ್. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಎಂಬಲ್ಲಿಯ ಹಾಡ್ಜ್‌ಸನ್ನನ ಕಾರ್ಖಾನೆಯಿಂದ ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಲ್ಲಿ ಇಲ್ಲಿಯ ದೊರೆಗಳಿಗಾಗಿ ಬರುತ್ತಿದ್ದ ಬಿಯರಿನ ವಂಶದ್ದು ಅದು. ಇಂಡಿಯಾದ ಹೆಸರು ಹೊತ್ತದ್ದು, ಇಂಡಿಯಾದವನಿಗಾಗಿ ಮಾಡಿದ್ದಲ್ಲ. ಇನ್ನೊಂದು ವಿನೋದ: 1915ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು ಕಟ್ಟಿದ, ಬೆಂಗಳೂರನ್ನೇ ನೆಲೆಯಾಗಿಸಿಕೊಂಡ ಯುನೈಟೆಡ್ ಬ್ರೂವರೀಸ್ 2021ರಲ್ಲಿ ಡಚ್ಚರ ಹೈನೆಕೆನ್ ಕಂಪೆನಿಯ ಹಿಡಿತಕ್ಕೆ ಬಂತು. ಕಿಂಗ್‌ಫಿಶರನ್ನು ಹಳಿದು ಹೈನೆಕೆನ್ ಬಾಟಲಿ ಹುಡುಕುವವನು ಎಡಗೈಯಿಂದ ಕಸಿದು ಅದೇ ಧಣಿಗೆ ಬಲಗೈಯಿಂದ ಕಾಣಿಕೆ ಸಲ್ಲಿಸುತ್ತಾನೆ.

“ಹಾಗಾದರೆ ನಮ್ಮಲ್ಲಿ ಏನಿದೆ?” ಎಂದು ಕೇಳುತ್ತಾರೆ. ಇದೆ. 2010ರಲ್ಲಿ ಇಂದಿರಾನಗರದಲ್ಲಿ ‘ಟಾಯ್ಟ್’ ತೆರೆಯಿತು. ಆಮೇಲೆ ಹಲವಾರು ಮೈಕ್ರೋಬ್ರೂವರಿಗಳು, ಎಂದರೆ ತಮ್ಮಲ್ಲೇ ಸ್ವಲ್ಪ ಸ್ವಲ್ಪವಾಗಿ ಬಿಯರ್ ತಯಾರಿಸಿ ಅಲ್ಲಿಯೇ ಬಡಿಸುವ ಪಾನಗೃಹಗಳು, ಈ ನಗರದಲ್ಲಿ ತಲೆಯೆತ್ತಿವೆ. ತೊಟ್ಟಿಯಿಂದ ನೇರವಾಗಿ ಲೋಟಕ್ಕೆ ಬರುವ ತಾಜಾ ಬಿಯರು ಸಮುದ್ರ ದಾಟಿ ಬಂದ ಯಾವ ಬಾಟಲಿಯಲ್ಲಿಯೂ ದೊರೆಯದು. ಆದರೆ ಈ ಪಾನಗೃಹಗಳ ಮೇಲೂ ನನ್ನದೊಂದು ದೂರಿದೆ. ಅವುಗಳ ಪಟ್ಟಿಯನ್ನು ಓದಿ ನೋಡಿ: ಜರ್ಮನಿಯ ಗೋಧಿ ಬಿಯರು, ಬೆಲ್ಜಿಯಮ್ಮಿನ ಕಿತ್ತಳೆಸಿಪ್ಪೆಯ ಬಿಯರು, ಇಂಗ್ಲೆಂಡಿನ ಕಪ್ಪು ಬಿಯರು, ಅಮೆರಿಕದ ಕಹಿ ಬಿಯರು. ಕೆಲವರು ‘ಮಾಲ್ಟು ಜರ್ಮನಿಯಿಂದ ತರಿಸಿದ್ದು’ ಎಂಬುದನ್ನೇ ಬಿರುದಾಗಿ ಮೆರೆಸುತ್ತಾರೆ. ತಯಾರಾದದ್ದು ಇಲ್ಲಿಯಾದರೂ ಮನಸ್ಸು ಇಲ್ಲಿಯದಲ್ಲ. ಊರಿಗೆ ಮರಳಿದ ಯಾತ್ರಿಕ ಇಲ್ಲಿ ಕುಳಿತರೆ ತಾನು ಇನ್ನೂ ವಿಮಾನ ಇಳಿದಿಲ್ಲವೆಂದು ಭ್ರಮಿಸಬೇಕು.

ಮಾಲ್ಟು ಎಂದರೇನು? ಧಾನ್ಯವನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿದ್ದು. ಈ ವಿದ್ಯೆಯನ್ನು ಮೈಸೂರು ಸೀಮೆಯ ಯಾವ ಅಜ್ಜಿಗೂ ಜರ್ಮನಿಯವರು ಕಲಿಸಬೇಕಾಗಿಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಹಾಲುಗಲ್ಲದ ಮಗುವಿಗೆ ಸರಿ ಕಾಯಿಸಿ ಕುಡಿಸಿದವಳು ಅವಳು. ಭಾರತದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ಸಿಕ್ಕಿಮಿನವರೂ ನೇಪಾಳದವರೂ ಇದೇ ಧಾನ್ಯವನ್ನು ಹುದುಗಿಸಿ, ಬಿಸಿನೀರು ಹೊಯ್ದು, ಬಿದಿರಿನ ಕೊಳವೆಯಿಂದ ಹೀರುವ ‘ತೊಂಗ್ಬಾ’ ಮಾಡುತ್ತಾರೆ. ಆಫ್ರಿಕದಲ್ಲಿಯೂ ರಾಗಿಯ ಮಾಲ್ಟಿನಿಂದ ಬಿಯರ್ ಮಾಡುತ್ತಾರೆ. ನಮ್ಮಲ್ಲಿ ರಾಗಿಯಿಂದ, ಚಿಕ್ಕಮಗಳೂರಿನ ಕಾಫಿಯಿಂದ, ಮಾವಿನಿಂದ ಪ್ರಯೋಗಗಳು ನಡೆದಿಲ್ಲವೆಂದಲ್ಲ. ಆದರೆ ಅವು ಹಬ್ಬದ ದಿನದ ವೇಷದಂತೆ ಬಂದು ಹೋಗುತ್ತವೆ. ದಿನನಿತ್ಯದ ಪಟ್ಟಿಯಲ್ಲಿ ನಿಲ್ಲುವುದಿಲ್ಲ. ಏಕೆಂದರೆ ಕೇಳುವವರಿಲ್ಲ. ಕೇಳಬೇಕಾದವನು ಬೆಲ್ಜಿಯಂ ಬಾಟಲಿ ಹುಡುಕುತ್ತ ಹೋಗಿದ್ದಾನೆ.

ಕನಕದಾಸರ ‘ರಾಮಧಾನ್ಯಚರಿತ್ರೆ’ಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಶ್ರೇಷ್ಠರೆಂದು ಜಗಳವಾಗಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕಳೆಗುಂದುತ್ತದೆ, ರಾಗಿ ಗಟ್ಟಿಯಾಗಿ ಉಳಿದು ಗೆಲ್ಲುತ್ತದೆ. ಆ ಪುಣ್ಯಕೃತಿಯನ್ನು ಪಾನಗೃಹದ ಮಾತಿಗೆ ಎಳೆದನೆಂದು ಸಜ್ಜನರು ಬೇಸರಿಸಬಾರದು. ನಮ್ಮ ಧಾನ್ಯವನ್ನು ಕೀಳೆಂದು ಕಾಣುವ ಚಟ ಎಷ್ಟು ಹಳೆಯದೆಂದು ತೋರಿಸಲು ಅದಕ್ಕಿಂತ ಉತ್ತಮ ಸಾಕ್ಷಿ ನನಗೆ ತಿಳಿಯದು.

ನಾನು ಬಹಿಷ್ಕಾರವನ್ನು ಬೋಧಿಸುತ್ತಿಲ್ಲ. ಹಾಪ್ಸ್ ಬಳ್ಳಿಗೆ ಬೇಸಗೆಯ ದೀರ್ಘ ಹಗಲು ಬೇಕು; ಹಿಮಾಚಲದ ಲಾಹೌಲಿನಲ್ಲಿ ಬೆಳೆದೀತು, ಮಂಡ್ಯದಲ್ಲಿ ಬೆಳೆಯದು. ರಾಗಿಯ ಪಿಷ್ಟ ಬೇಯಲು ಬಾರ್ಲಿಯದಕ್ಕಿಂತ ಹೆಚ್ಚು ಶಾಖ ಬೇಕಾಗುವುದರಿಂದ ಬಾರ್ಲಿಯನ್ನು ಬೆರೆಸುವುದೇ ಸುಲಭ. ಬೆರೆಸಲಿ. ಇಂಗು ಕಾಬೂಲಿನಿಂದ ಬಂದರೂ ಸಾರು ನಮ್ಮ ಸಾರೇ ಅಲ್ಲವೆ? ಒಗ್ಗರಣೆ ಎಲ್ಲಿಯದಾದರೂ ಬೇಳೆ ನಮ್ಮದಿರಲಿ ಎಂಬುದಷ್ಟೇ ನನ್ನ ಬೇಡಿಕೆ.

ಇದರಲ್ಲಿ ನ್ಯಾಯದ ಪ್ರಶ್ನೆಯೂ ಅಡಗಿದೆ. 2007ರಲ್ಲಿ ಕರ್ನಾಟಕ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಸಾರಾಯಿಯಿಂದ ಹಾಳಾದ ಮನೆಗಳ ಹೆಂಗಸರ ಕಣ್ಣೀರು ಅದರ ಹಿಂದಿತ್ತು. ಆ ನಿಷೇಧವನ್ನು ನಾನು ಆಕ್ಷೇಪಿಸಲಾರೆ. ಆದರೆ ಬಡವನ ಗಡಂಗು ಮುಚ್ಚಿದ ನಗರದಲ್ಲಿಯೇ ನಮ್ಮ ವರ್ಗದ ಪಾನಗೃಹಗಳು ‘ಕಲೆ’, ‘ಸಂಸ್ಕೃತಿ’ ಎಂಬ ಹೆಸರಿನಲ್ಲಿ ಬೆಳಗುತ್ತಿವೆ. ಅವನು ಕುಡಿದರೆ ಚಟ, ನಾವು ಕುಡಿದರೆ ಅಭಿರುಚಿ! ಸಂಸ್ಕೃತಿ ಎಂಬ ಮಾತನ್ನು ನಾವು ಉಳಿಸಿಕೊಳ್ಳಬೇಕಾದರೆ ಅದಕ್ಕೆ ಬೆಲೆ ತೆರಬೇಕು. ನಾವು ಕೊಡುವ ನಾನೂರು ರೂಪಾಯಿಯಲ್ಲಿ ಕುಣಿಗಲ್ಲಿನ ಹೊಲಕ್ಕೆ ನಾಲ್ಕು ಕಾಸಾದರೂ ಮುಟ್ಟದಿದ್ದರೆ ಅದು ಸಂಸ್ಕೃತಿಯಲ್ಲ, ಬರಿಯ ಖರ್ಚು.

ಹಾಗಾದರೆ ಊರಿಗೆ ಮರಳಿದವನು ಹೇಗೆ ಆರಿಸಬೇಕು? ಹತ್ತಿರದ ಮೈಕ್ರೋಬ್ರೂವರಿಗೆ ಹೋಗಿ ಬಡಿಸುವವನನ್ನು ಮೂರು ಮಾತು ಕೇಳಲಿ. ಇದನ್ನು ಯಾವಾಗ ತಯಾರಿಸಿದಿರಿ? ಇದರಲ್ಲಿ ಈ ನಾಡಿನ ಧಾನ್ಯ ಯಾವುದು? ಮದ್ಯಸಾರ ಎಷ್ಟು? ನಮ್ಮ ದೇಶದಲ್ಲಿ ಮಾರಾಟವಾಗುವ ಬಿಯರಿನಲ್ಲಿ ಬಹುಪಾಲು ಶೇಕಡ 5ಕ್ಕೂ ಮೀರಿದ ‘ಸ್ಟ್ರಾಂಗ್’ ಬಗೆಯದು. ರುಚಿಗಾಗಿ ಕುಡಿಯುವವನಿಗೆ ಅದಕ್ಕಿಂತ ಕಡಮೆಯದೇ ಸಾಕು, ಸಣ್ಣ ಲೋಟವೇ ಸಾಕು. ಮೂರಕ್ಕೂ ಉತ್ತರ ಬಂದರೆ ಕುಡಿಯಲಿ. ಚೆನ್ನಾಗಿದ್ದರೆ ತಯಾರಿಸಿದವನನ್ನು ಕರೆದು ಹೊಗಳಲಿ. ಹುಳಿತಿದ್ದರೆ ಮುಖ ಹಿಂಡಿಕೊಂಡು ನುಂಗದೆ ಹಿಂದಿರುಗಿಸಲಿ. ಕಲೋನಿನ ಬಿಯರು ಚೆನ್ನಾಗಿರುವುದು ರೈನ್ ನದಿಯ ಮಹಿಮೆಯಿಂದಲ್ಲ. ಕೆಟ್ಟದ್ದನ್ನು ಕೊಟ್ಟರೆ ಬೈಯುವ, ಒಳ್ಳೆಯದನ್ನು ಕೊಟ್ಟರೆ ನಾಳೆಯೂ ಬರುವ ಗಿರಾಕಿಯಿಂದ.

ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಮಾಡಿದವರು ನಮ್ಮನ್ನು ಚೆನ್ನಾಗಿ ಬಲ್ಲವರು. ಆದರೆ ಆ ಗಿಡಕ್ಕೆ ನೀರು ಹಾಕದವನಿಗೆ ಅದು ಮದ್ದಲ್ಲವೆಂದು ಹೇಳುವ ಹಕ್ಕಾದರೂ ಎಲ್ಲಿದೆ?